ಉಪ್ಪು ಬಿದ್ದ ಐಸು

ಹೋದ ವಾರ ಕಾರವಾರದ ಮೀನು ಪೇಟೆಯಲ್ಲಿ ಬಂಗಡೆ ಕೊಳ್ಳಲು ನಿಂತಿದ್ದೆ. ಮಾರುವಾಕೆ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದು, ಪುಡಿ ಐಸಿನ ಮೇಲೆ ಒಂದು ಮುಷ್ಟಿ ಹರಳುಪ್ಪು ಎರಚಿ, ಅಂಗೈಯಿಂದ ಸವರಿ ಮತ್ತೆ ಮುಚ್ಚಿದಳು. ಅಷ್ಟರಲ್ಲಿ ಪೆಟ್ಟಿಗೆಯಿಂದ ಒಂದು ವಾಸನೆ ಬಂತು. ಮೀನಿನದಲ್ಲ, ಉಪ್ಪು ಬಿದ್ದ ಐಸಿನದು. ಐಸಿಗೆ ವಾಸನೆಯೇ ಇಲ್ಲ ಎಂದು ಯಾರಾದರೂ ವಾದಿಸಿದರೆ ನಾನು ಒಪ್ಪಿಕೊಳ್ಳುತ್ತೇನೆ. ಆದರೂ ಬಂತು. ಅದರ ಹಿಂದೆಯೇ ಲ್ಯಾಬಿನ ಬಾಯಿ ನೆನಪಾದರು.

ಬಾಯಿ ಎಂದರೆ ನಮ್ಮ ಕಡೆ ಅಕ್ಕ, ಅಮ್ಮ ಎಂದ ಹಾಗೆ. ಕಾರವಾರದ ಒಂದು ಓಣಿಯಲ್ಲಿ, ಮಾಳಿಗೆಯ ಮೇಲೆ, ಎರಡು ಕೋಣೆಯ ರಕ್ತಪರೀಕ್ಷೆಯ ಲ್ಯಾಬು ಅವರದಾಗಿತ್ತು. ಡಾಕ್ಟರುಗಳೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಐವತ್ತರ ಆಸುಪಾಸು, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ, ಒಂದು ಜೇಬು ಹರಿದ ಬಿಳಿ ಕೋಟು. ಎತ್ತರವಾಗಿದ್ದರು ಎಂದು ನೆನಪು. ಆದರೆ ಅಲ್ಲಿ ನಾನು ಯಾವಾಗಲೂ ಬೆಂಚಿನ ಮೇಲೆ ಕೂತಿರುತ್ತಿದ್ದೆ, ಅವರು ನಿಂತಿರುತ್ತಿದ್ದರು. ಎತ್ತರ ಅದರಿಂದಲೇ ಬಂದದ್ದಾಗಿರಬಹುದು. ಒಟ್ಟು ನೋಡಿದರೆ ನಾನು ಅವರನ್ನು ಕಂಡದ್ದು ಎರಡು ದಿನ, ಆಮೇಲೆ ಒಂದು ಸಲ ಅರ್ಧ ಗಂಟೆ. ಇಷ್ಟು ಕಡಿಮೆ ಕಂಡವರ ಬಗ್ಗೆ ಬರೆಯುವುದು ಸರಿಯೇ ಎಂಬ ಅನುಮಾನ ಈಗಲೂ ಇದೆ.

ಅದು ಎರಡು ಸಾವಿರದ ಏಳನೇ ಇಸವಿಯ ಡಿಸೆಂಬರ್. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕಾಲೇಜಿನ ಕೆಲಸಕ್ಕೆ ಅರ್ಜಿ ಹಾಕಿ, ಬೆಳಂಬಾರದ ಮನೆಯಲ್ಲಿ ಕೂತಿದ್ದೆ. ಅಪ್ಪನಿಗೆ ಒಂದು ದೋಣಿಯಲ್ಲಿ ಪಾಲಿತ್ತು. ಸಮುದ್ರಕ್ಕೆ ಹೋಗುವುದು ಬಿಟ್ಟು ಬಲೆ ರಿಪೇರಿಗೆ ಕೂತು ನಾಲ್ಕು ವರ್ಷವಾಗಿತ್ತು. ಎದೆ ಸರಿ ಇರಲಿಲ್ಲ. ಹರ್ನಿಯಾ ಕೂಡ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅದರೊಳಗೆ ಕರುಳು ಸಿಕ್ಕಿಕೊಂಡಿತು. ಅಂಕೋಲೆಯ ಒಂದು ಸಣ್ಣ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಅಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮುಂದೆ ಒಯ್ಯುವ ಸ್ಥಿತಿಯಲ್ಲಿಲ್ಲ ಎಂದು ಮಧ್ಯಾಹ್ನವೇ ಅಲ್ಲೇ ಆಪರೇಶನ್ ಮಾಡಿದರು.

ಅರಿವಳಿಕೆ ಕೊಡುವ ಡಾಕ್ಟರು ಕಾರವಾರದಿಂದ ಬಂದವರು. ಆಪರೇಶನ್ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು ಹೇಳಿದ್ದನ್ನು ನಾನು ಅಂದೇ ಬರೆದಿಟ್ಟಿದ್ದೇನೆ. ಹಾಗಾಗಿ ಇಷ್ಟನ್ನು ನಂಬಬಹುದು. ಸಿಕ್ಕಿಬಿದ್ದ ಕರುಳಿನ ಒಂದು ಗೇಣು ಕಪ್ಪಾಗಿತ್ತು, ಕತ್ತರಿಸಿ ತೆಗೆದರು. ಅದರ ಪಕ್ಕದ ಇನ್ನೊಂದು ಗೇಣು ನೇರಳೆ ಬಣ್ಣಕ್ಕಿತ್ತು. ಬಿಸಿನೀರಿನ ಬಟ್ಟೆ ಸುತ್ತಿ, ಆಮ್ಲಜನಕ ಹೆಚ್ಚಿಸಿ ಕಾದರು. ಬಣ್ಣ ಮರಳಿತು, ಆದರೆ ಪೂರ್ತಿಯಾಗಿ ಅಲ್ಲ. ಅದನ್ನು ಒಳಗೇ ಬಿಟ್ಟು ಹೊಲಿದಿದ್ದರು.

"ಅದು ಬದುಕ್ತದಾ ಇಲ್ವಾ ಅಂತ ಹೊಟ್ಟೆ ಮೇಲಿಂದ ನೋಡಿ ಹೇಳುಕೆ ಬರುದಿಲ್ಲ ತಂಗಿ," ಎಂದರು ಡಾಕ್ಟರು. "ಮಾಂಸಕ್ಕೆ ಉಸಿರು ಮುಟ್ಟದೇ ಇದ್ರೆ ಸಕ್ಕರೆ ಅರ್ಧಂಬರ್ಧ ಸುಡ್ತದೆ, ರಕ್ತದಲ್ಲಿ ಒಂದು ಹುಳಿ ಉಳೀತದೆ. ಲ್ಯಾಕ್ಟೇಟು. ನೀ ಓದ್ದವಳು, ಗೊತ್ತಿರ್ಬೇಕು. ಅದು ಇಳೀತಾ ಬಂದ್ರೆ ಕಾಯುವಾ. ಏರಿದ್ರೆ ಮತ್ತೆ ತೆರೀಲೇಬೇಕು."

ಮತ್ತೆ ತೆರೆದರೆ ಅಪ್ಪನ ಎದೆ ತಡೆಯುತ್ತದೆಯೇ ಎಂದು ಕೇಳಿದೆ. ಅವರು ಐಸು ತುಂಬಿದ ಡಬ್ಬಿಯಿಂದ ಬೂದು ಮುಚ್ಚಳದ ಒಂದು ಪುಟ್ಟ ರಕ್ತದ ಬಾಟಲಿ ತೆಗೆದು ಕೊಟ್ಟರು. ಆಪರೇಶನ್ನಿನ ನಡುವೆ ತಾವೇ ಎಳೆದದ್ದು, ಆಸ್ಪತ್ರೆಯ ಫ್ರಿಜ್ಜಿನ ಐಸಿನಲ್ಲಿ ಇಟ್ಟದ್ದು. ಆ ಪರೀಕ್ಷೆ ಅಂಕೋಲೆಯಲ್ಲಿ ಇರಲಿಲ್ಲ. ಅವರ ಒತ್ತಾಯಕ್ಕೆ ಲ್ಯಾಬಿನ ಬಾಯಿ ಅದರ ಔಷಧಿ ತರಿಸಿ ಇಟ್ಟುಕೊಳ್ಳುತ್ತಿದ್ದರು. ಹೀಗೆ ನಾನು ಅಗಲ ಬಾಯಿಯ ಫ್ಲಾಸ್ಕು ಹಿಡಿದು ಕಾರವಾರದ ಬಸ್ಸು ಹತ್ತಿದೆ.

ಮೊದಲ ಭೇಟಿಯಲ್ಲಿ ಅವರು ನನ್ನ ಮುಖ ನೋಡಲಿಲ್ಲ, ಬಾಟಲಿ ನೋಡಿದರು.

"ತೆಗೆಯುವಾಗ ರಟ್ಟೆಗೆ ಪಟ್ಟಿ ಬಿಗಿದಿದ್ರಾ?"

ಗೊತ್ತಿಲ್ಲ, ಡಾಕ್ಟರೇ ತೆಗೆದದ್ದು ಎಂದೆ.

"ಎಷ್ಟು ಗಂಟೆಗೆ?"

ಅದೂ ಗೊತ್ತಿರಲಿಲ್ಲ. ಬಾಟಲಿಯ ಮೇಲೆ ಬರೆದಿರಲಿಲ್ಲ. ನಾನು ಏನು ಓದಿದ್ದೇನೆ ಎಂದು ಕೇಳಿ ತಿಳಿದುಕೊಂಡರು. "ಎಂ.ಎಸ್ಸಿ. ಅಂತೀ. ಧಾರವಾಡದಲ್ಲಿ ಗಡಿಯಾರ ನೋಡುಕೆ ಕಲಿಸ್ಲಿಲ್ವಾ ಗೋ?" ಎಂದರು. ಮನೆಯಲ್ಲಿ ಕೊಂಕಣಿ ಆಡುವವರು. ಹೆಣ್ಣುಮಕ್ಕಳೊಡನೆ ಕನ್ನಡ ಮಾತಾಡುವಾಗಲೂ ಕೊನೆಯಲ್ಲೊಂದು ‘ಗೋ’ ಸೇರುತ್ತಿತ್ತು. ಡಾಕ್ಟರಿಗೆ ಫೋನು ಹಚ್ಚಿ ಸಮಯ ಕೇಳಿ ಬರೆದುಕೊಂಡ ಮೇಲೆಯೇ ಕೆಲಸಕ್ಕೆ ಕೂತರು.

ರಕ್ತದ ಬಾಟಲಿ ಯಂತ್ರದಲ್ಲಿ ಗಿರ್ರನೆ ತಿರುಗಿ, ಕೆಂಪೆಲ್ಲ ತಳಕ್ಕೆ ಇಳಿದು, ಮೇಲೆ ತಿಳಿ ಹಳದಿ ನೀರು ನಿಂತಿತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಗ ಹೇಳಿದ ಮಾತನ್ನು ನಾನು ಮುಂದೆ ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಅವರ ಶಬ್ದ ಯಾವುದು, ನಾನು ಸೇರಿಸಿದ್ದು ಯಾವುದು ಎಂಬುದು ಈಗ ಬೇರೆಯಾಗುವುದಿಲ್ಲ. ಸುಮಾರಾಗಿ ಹೀಗೆ: "ರಕ್ತ ಮೈಯಿಂದ ಹೊರಗೆ ಬಂತು ಅಂತ ಸುಮ್ನೆ ಕೂತ್ಕಳುದಿಲ್ಲ. ಬಾಟ್ಲಿಯಲ್ಲೂ ಸಕ್ಕರೆ ತಿಂತಾ ಇರ್ತದೆ, ಹುಳಿ ಮಾಡ್ತಾ ಇರ್ತದೆ. ಬೂದು ಮುಚ್ಚಳದ ಬಾಟ್ಲಿಯಲ್ಲಿ ಅದನ್ನ ತಡಿಯುಕೆ ಔಷಧಿ ಅದೆ, ಆದ್ರೆ ಅದು ಹಿಡಿಯುಕೂ ಹೊತ್ತು ಬೇಕು. ಅದಕೇ ಐಸು. ತಡ ಆಗಿ ಬಿಸಿ ಆಯ್ತೋ, ಅಂಕಿ ಏರ್ತದೆ. ಆಗ ಅದು ನಿನ್ನ ಅಪ್ಪನ ಅಂಕಿ ಅಲ್ಲ, ಬಸ್ಸಿಂದು."

ಅಂಕಿ ಐದು ಪಾಯಿಂಟ್ ಆರು ಬಂತು. ಎರಡರೊಳಗೆ ಇರಬೇಕಾದದ್ದು. ಚೀಟಿಯಲ್ಲಿ ಬರೆದು ಸಹಿ ಮಾಡಿದರು.

ಅದೇ ದಿನ ಸಂಜೆಯ ಬಸ್ಸಿಗೆ ಎರಡನೇ ಬಾಟಲಿ ಒಯ್ದೆ. ಆ ಹೊತ್ತಿಗೆ ಮಾವ ಬಂದಿದ್ದ. ಆಯಿಯ, ಅಂದರೆ ಅಮ್ಮನ, ತಮ್ಮ, ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಊರೂರಿಗೆ ಮೀನು ಮಾರುವವನು. ಐಸು ಅವನೇ ತಂದುಕೊಟ್ಟ. ಕಾರವಾರ ಮುಟ್ಟುವಾಗ ಅದರಲ್ಲಿ ಮುಕ್ಕಾಲು ನೀರಾಗಿತ್ತು. ನಾನು ಹೆದರಿದೆ. ಬಾಯಿ ಫ್ಲಾಸ್ಕಿನೊಳಗೆ ಬೆರಳಿಟ್ಟು ನೋಡಿ, ನೀರಾದರೂ ತಣ್ಣಗಿದೆ, ಸಾಕು ಎಂದರು. "ತಂಪು ಬೇಕು, ಗಟ್ಟಿ ಆಗುಕಾಗ." ಗಟ್ಟಿಯಾಗಬಾರದು ಎಂಬ ಈ ಕೊನೆಯ ಮಾತನ್ನು ಅಂದೇ ಹೇಳಿದ್ದರೋ, ಮರುದಿನ ಹೇಳಿದರೋ… ನನಗೆ ಖಚಿತವಿಲ್ಲ. ಅಂದೇ ಹೇಳಿದ್ದರೆ ಮರುದಿನ ಆದದ್ದಕ್ಕೆ ಕ್ಷಮೆ ಕಡಿಮೆ.

ಎರಡನೇ ಅಂಕಿ ನಾಲ್ಕು ಪಾಯಿಂಟ್ ಒಂದು. ಇಳಿದಿತ್ತು. ಡಾಕ್ಟರುಗಳು ಬೆಳಿಗ್ಗೆಯದನ್ನು ನೋಡಿ ನಿಶ್ಚಯ ಮಾಡುವಾ ಎಂದರು. ಬೆಳಿಗ್ಗೆ ನೋಡಿದರೆ ಅಪ್ಪನ ಹೊಟ್ಟೆ ಉಬ್ಬಿತ್ತು, ನಾಡಿ ಓಡುತ್ತಿತ್ತು. ಆಪರೇಶನ್ ಮಾಡಿದ ಡಾಕ್ಟರು ಥಿಯೇಟರು ಸಿದ್ಧ ಮಾಡಲು ಹೇಳಿ, ನನ್ನ ಕೈಗೆ ಮೂರನೇ ಬಾಟಲಿ ಕೊಟ್ಟರು. ಇದೂ ಇಳಿದಿದ್ದರೆ ಕಾಯುವುದು. ಏರಿದ್ದರೆ, ಅಥವಾ ಮಧ್ಯಾಹ್ನ ಎರಡು ಗಂಟೆಯೊಳಗೆ ಅಂಕಿ ಬಾರದಿದ್ದರೆ, ತೆರೆಯುವುದು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಮಾವನ ಪೆಟ್ಟಿಗೆಯಿಂದ ಫ್ಲಾಸ್ಕಿಗೆ ಐಸು ತುಂಬಿದೆವು. ಮೀನು ಹಾಳಾಗದಿರಲಿ ಎಂದು ಐಸಿನ ಮೇಲೆ ಉಪ್ಪು ಎರಚುವುದು ನಮ್ಮವರ ರೂಢಿ. ಎರಚಿದರೆ ಐಸು ಇನ್ನೂ ಕೊರೆಯುತ್ತದೆ, ಮೀನು ಕಲ್ಲಾಗುತ್ತದೆ. ಫ್ಲಾಸ್ಕಿಗೂ ಉಪ್ಪು ಬಿತ್ತು. ನಾನು ಬಸ್ಸು ಹತ್ತಿದೆ. ಅಮದಳ್ಳಿ ದಾಟುವಾಗ ಫ್ಲಾಸ್ಕು ಅಲುಗಿಸಿ ನೋಡಿದೆ, ನೀರಿನ ಸದ್ದಿರಲಿಲ್ಲ. ಸಮಾಧಾನವಾಯಿತು ಎಂದು ನೆನಪು.

ಲ್ಯಾಬಿನಲ್ಲಿ ಬಾಯಿ ಬಾಟಲಿ ಎತ್ತಿ ಓರೆ ಮಾಡಿದರು. ಒಳಗಿನ ರಕ್ತ ಓರೆಯಾಗಲಿಲ್ಲ. ಅಂಗೈಯಲ್ಲಿ ಹಿಡಿದು ಕರಗಿಸಿ ಯಂತ್ರದಲ್ಲಿ ತಿರುಗಿಸಿದರು. ಮೇಲೆ ನಿಂತ ನೀರು ಹಳದಿಯಲ್ಲ, ಮುರುಗಲ ಸಿಪ್ಪೆ ನೆನೆಸಿಟ್ಟ ನೀರಿನ ಹಾಗೆ ಕೆಂಪು. ರಕ್ತದ ಕಣಗಳೆಲ್ಲ ಮಂಜುಗಟ್ಟಿ ಒಡೆದಿದ್ದವು. ಅವರು ಫ್ಲಾಸ್ಕಿನೊಳಗೆ ತೋರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು.

"ಉಪ್ಪು," ಎಂದರು. "ಯಾರು ಹಾಕಿದ್ದು?"

"ಮಾವ," ಎಂದೆ.

ಅಷ್ಟರಲ್ಲಿ ಅಂಕೋಲೆಯಿಂದ ಫೋನು ಬಂತು. ಆ ಬದಿಯ ಮಾತು ನನಗೆ ಕೇಳಲಿಲ್ಲ, ಬಾಯಿಯದು ಕೇಳಿತು. "ಮಾದರಿ ಕೆಟ್ಟದೆ ಡಾಕ್ಟ್ರೇ… ಇಲ್ಲ, ಅಂದಾಜೂ ಇಲ್ಲ. ಅಂದಾಜು ಹೇಳುಕೆ ನಾನು ಮೀನು ಹರಾಜಿಗೆ ಕೂತವಳಲ್ಲ." ಫೋನು ಇಟ್ಟರು. ಆಗ ನಾನು ಮಾಡಿದ್ದನ್ನು ಬರೆಯಲೇಬೇಕು. ಬಾಯಿ, ಏನಾದರೂ ಒಂದು ಬರೆದುಕೊಡಿ ಎಂದು ಕೇಳಿದೆ. ಮೂರು ಎಂದಾದರೂ ಬರೆಯಿರಿ, ಮತ್ತೆ ತೆರೆದರೆ ಅಪ್ಪ ಉಳಿಯುವುದಿಲ್ಲ ಎಂದೆ.

"ಮೂರು ಯಾಕೆ, ಎರಡೇ ಬರೀತೆ," ಎಂದರು. ಸಿಟ್ಟಿರಲಿಲ್ಲ. "ನೀ ಹೋಗಿ ಅಪ್ಪನ ಕರುಳಿಗೆ ಹೇಳಿ ಬಾ ಗೋ, ಬಾಯಿ ಎರಡು ಬರ್ದಿದ್ದಾರೆ, ಹಾಗೇ ಇರು ಅಂತ."

ಚೀಟಿಯ ಪುಸ್ತಕ ತೆಗೆದು ಬರೆದರು: ಮಾದರಿ ಕೆಟ್ಟಿದೆ. ಅಂಕಿ ಕೊಡಲಾಗದು. ಸಮಯ ಹಾಕಿ, ಸಹಿ ಮಾಡಿ ಹರಿದು ಕೊಟ್ಟರು. ಆಮೇಲೆ ಕಪಾಟಿನ ಕೆಳಗಿನಿಂದ ಕಬ್ಬಿಣದ ಒಂದು ಸಾಮಾನು ಎಳೆದು ಬಟ್ಟೆಯ ಚೀಲಕ್ಕೆ ತುಂಬಿದರು. ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರಿಗೆ ಸಂಜೆ ಬನ್ನಿ ಎಂದರು. ಬಾಗಿಲಿಗೆ ಬೀಗ ಹಾಕಿದರು. ಮೆಟ್ಟಿಲು ಇಳಿಯುವಾಗ ಒಂದೇ ಮಾತು: "ಹತ್ತೂ ಇಪ್ಪತ್ತರ ಬಸ್ಸು ಸಿಕ್ಕರೆ ಆಗ್ತದೆ."

ಸಿಕ್ಕಿತು. ದಾರಿಯುದ್ದಕ್ಕೂ ಅವರು ಗಡಿಯಾರ ನೋಡುತ್ತಿದ್ದರು. ಆಸ್ಪತ್ರೆಯ ಬಾಗಿಲಲ್ಲಿ, ಮೀನಿನ ಪೆಟ್ಟಿಗೆ ಕಟ್ಟಿದ ಬೈಕಿನ ಪಕ್ಕ, ಮಾವ ನಿಂತಿದ್ದ. ಅವನನ್ನು ಕಂಡೊಡನೆ ಬಾಯಿ ಕೇಳಿದರು, ನರ್ಸುಗಳು, ಕಾಯುವವರು ಎಲ್ಲರೂ ಕೇಳುವ ಹಾಗೆ:

"ಏನು ಮಾರಾಯ, ಭಾವನ ರಕ್ತ ಅಂತ ತಿಳ್ದ್ಯಾ, ಬಂಗಡೆ ಅಂತ ತಿಳ್ದ್ಯಾ? ಉಪ್ಪು ಹಾಕಿ ಕಳ್ಸಿಯಲ್ಲ, ಖಾರ ಹಚ್ಚುದು ಮರ್ತು ಹೋಯ್ತಾ?"

ಯಾರೋ ನಕ್ಕರು. ಮಾವ ನನ್ನ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿ, "ತಪ್ಪಾಯ್ತು ಬಾಯಿ. ಕೈ ರೂಢಿ," ಎಂದ.

ಬಾಯಿ ಅಪ್ಪನ ಹಾಸಿಗೆಯ ಬಳಿ ಹೋಗಿ ಮೊದಲು ಮಾಡಿದ್ದು ರಕ್ತ ತೆಗೆಯುವುದನ್ನಲ್ಲ. ಹೊದಿಕೆ ಸರಿಸಿ ಮೊಣಕಾಲಿನ ಮೇಲೆ ಅಂಗೈ ಇಟ್ಟರು. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟು, ಕೆಂಪು ಮರಳುವುದನ್ನು ನೋಡಿದರು. ಏನನಿಸುತ್ತದೆ ಎಂದು ಕೇಳಿದೆ. "ಬೆಚ್ಚಗದೆ. ಆದ್ರೆ ಅದು ಹೇಳುವ ಕೆಲಸ ನಂದಲ್ಲ," ಎಂದರು. ಅಂಕಿ ಸುಳ್ಳೇ ಏರಬಾರದೆಂದು ಪಟ್ಟಿ ಬಿಗಿಯದೆ, ಮುಷ್ಟಿ ಮಾಡಿಸದೆ, ಅಪ್ಪನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ರಕ್ತ ಎಳೆದರು. ಅಪ್ಪ ಕಣ್ಣು ಬಿಟ್ಟು, ಇವರು ಯಾರು ಎಂದು ನನ್ನನ್ನು ಕೇಳಿದ. ಲ್ಯಾಬಿನ ಬಾಯಿ ಎಂದೆ. ಚಾ ಕೊಟ್ಟಿರಾ ಎಂದು ಕೇಳಿ ಮತ್ತೆ ಕಣ್ಣು ಮುಚ್ಚಿದ.

ಚೀಲದಲ್ಲಿದ್ದ ಕಬ್ಬಿಣದ ಸಾಮಾನು ಕೈಯಲ್ಲಿ ತಿರುಗಿಸುವ ಯಂತ್ರ. ಕರೆಂಟು ಹೋದ ದಿನಗಳಿಗೆಂದು ಇಟ್ಟುಕೊಂಡಿದ್ದ ಹಳೆಯದು. ಅದನ್ನು ನರ್ಸಿನ ಮೇಜಿನ ಅಂಚಿಗೆ ತಿರುಪಿನಿಂದ ಬಿಗಿದು, ಒಂದು ಬದಿಗೆ ಅಪ್ಪನ ರಕ್ತ, ಇನ್ನೊಂದು ಬದಿಗೆ ಅಷ್ಟೇ ತೂಕದ ನೀರು ಇಟ್ಟು, ಹಿಡಿಕೆ ತಿರುಗಿಸತೊಡಗಿದರು. ಮೇಜು ಅಲುಗದಂತೆ ನಾನೂ ಮಾವನೂ ಎರಡು ಕಡೆ ಹಿಡಿದುಕೊಂಡೆವು. ಅವರ ಕುತ್ತಿಗೆಯ ಬೆವರು, ಹರಿದ ಜೇಬು ಗಾಳಿಗೆ ಹಾರುತ್ತಿದ್ದದ್ದು, ಆ ಕರಕರ ಸದ್ದು… ಇದಿಷ್ಟು ಸ್ಪಷ್ಟವಾಗಿದೆ. ತಿಳಿನೀರು ಬೇರೆಯಾದ ಮೇಲೆ ಅದನ್ನು ಇನ್ನೊಂದು ಬಾಟಲಿಗೆ ಬಗ್ಗಿಸಿ ಮುಚ್ಚಳ ಹಾಕಿದರು. ಇನ್ನು ಅದರಲ್ಲಿ ಸಕ್ಕರೆ ತಿನ್ನುವ ಕಣಗಳಿಲ್ಲ. ಬಸ್ಸು ತಡವಾದರೂ ಅಂಕಿ ಅಲುಗುವುದಿಲ್ಲ.

ವಾಪಸು ಬಸ್ಸಿನಲ್ಲಿ ನಾನು ಅವರ ಪಕ್ಕ ಕೂತಿದ್ದೆ, ಬಿಣಗಾ ಬಳಿ ಸಮುದ್ರ ಕಂಡಾಗ ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಡೈರಿಯಲ್ಲಿ ಹಾಗಿಲ್ಲ. ಅವರು ಒಬ್ಬರೇ ಹೋದರು, ನಾನು ಅಪ್ಪನ ಬಳಿ ಉಳಿದೆ ಎಂದಿದೆ. ಕನ್ನಡಕ ಒರೆಸಿದ್ದನ್ನು ನಾನು ಎಲ್ಲಿಂದ ತಂದೆನೋ.

ಒಂದೂವರೆಗೆ ಫೋನು ಬಂತು. ನರ್ಸು ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡು ಓಡಿದಳು. ಎರಡು ಪಾಯಿಂಟ್ ಮೂರು. ಡಾಕ್ಟರು ಥಿಯೇಟರಿನ ದೀಪ ಆರಿಸಲು ಹೇಳಿದರು. ಮರುದಿನ ಅಪ್ಪನ ಹೊಟ್ಟೆ ಇಳಿಯಿತು. ಹನ್ನೊಂದನೇ ದಿನ ಮನೆಗೆ ಬಂದ. ಅಲ್ಲಿಂದ ಒಂಬತ್ತು ವರ್ಷ ಬದುಕಿದ.

ತಿಂಗಳ ನಂತರ ಒಣಸಿಗಡಿಯ ಒಂದು ಪೊಟ್ಟಣ ಕಟ್ಟಿಕೊಂಡು ಲ್ಯಾಬಿಗೆ ಹೋದೆ. ಬಾಯಿ ಪೊಟ್ಟಣ ಮೂಸಿ ನೋಡಿ, "ಇದಕ್ಕೆ ಉಪ್ಪು ಸಮಾ ಬಿದ್ದದೆ," ಎಂದರು. ನಾನು ನಗಲಿಲ್ಲ. ಅವರೂ ನಗಲಿಲ್ಲ. ಕೊನೆಯ ಚೀಟಿಯನ್ನು ನನಗೆ ಕೊಟ್ಟು, ಕೆಟ್ಟ ಮಾದರಿಯ ಚೀಟಿ ಎಲ್ಲಿ ಎಂದು ಕೇಳಿದರು. ಬಿಸಾಡಿಲ್ಲ, ಮನೆಯಲ್ಲಿದೆ ಎಂದೆ. "ಇಟ್ಕೋ. ಅದೂ ರಿಪೋರ್ಟೇ." ಹೊರಡುವಾಗ, "ನಿನ್ನ ಮಾವನಿಗೆ ಬೈದದ್ದು ಹೆಚ್ಚಾಯ್ತು ಅಂತ ಹೇಳು," ಎಂದರು. ಆಗ ನನ್ನನ್ನು ನೇರ ನೋಡಿದರೋ, ಬಾಟಲಿ ತೊಳೆಯುತ್ತ ಹೇಳಿದರೋ ಗೊತ್ತಾಗುತ್ತಿಲ್ಲ. ನಾನು ಆ ಮಾತನ್ನು ಮಾವನಿಗೆ ಮುಟ್ಟಿಸಲಿಲ್ಲ. ನಮ್ಮ ಮನೆಯಲ್ಲಿ ಅವನಿಗೆ ಉಪ್ಪಿನ ಮಾವ ಎಂದೇ ಹೆಸರಾಯಿತು. ಮದುವೆ ಊಟದಲ್ಲಿ ಉಪ್ಪು ಬಡಿಸಲು ಅವನನ್ನು ಕರೆಯುವುದು ಒಂದು ತಮಾಷೆ. ನಾನೂ ಕರೆದಿದ್ದೇನೆ.

ಮೀನು ಪೇಟೆಯಿಂದ ಬಂದವಳು ಆ ವರ್ಷದ ಡೈರಿ ಹುಡುಕಿದೆ. ಬರೆಯುವ ಮೊದಲು ಗಂಟೆ, ಅಂಕಿ ಸರಿಯಾಗಿ ತಿಳಿದುಕೊಳ್ಳಬೇಕಿತ್ತು, ಅಷ್ಟೇ. ಚೀಟಿಗಳು ಅದರೊಳಗೇ ಇದ್ದವು. ಆ ದಿನದ ಪುಟದ ಕೊನೆಯಲ್ಲಿ, ಬೇರೆ ಬಣ್ಣದ ಶಾಯಿಯಲ್ಲಿ, ಎರಡು ಸಾಲು: "ಮಾವ ಉಪ್ಪು ಬೇಡ ಎಂದಿದ್ದ. ಕರಗಬಾರದೆಂದು ನಾನೇ ಎರಡು ಮುಷ್ಟಿ ಹಾಕಿದೆ."

ಅಕ್ಷರ ನನ್ನದೇ. ಯಾವಾಗ ಬರೆದದ್ದು ತಿಳಿಯದು. ಆ ವಾರವೋ, ವರ್ಷದ ಮೇಲೋ. ಓದಿದ ಮೇಲೂ ನನ್ನ ಕೈ ಉಪ್ಪು ಹಾಕಿದ್ದು ನನಗೆ ಕಾಣಿಸುವುದಿಲ್ಲ. ಮಾವನ ಕೈಯೇ ಕಾಣಿಸುತ್ತದೆ, ಬೆರಳಿನ ಉಂಗುರದ ಸಮೇತ. ಆದರೆ ನಂಬಲು ಕಷ್ಟವೇನಿಲ್ಲ. ಐಸಿಗೆ ಉಪ್ಪು ಬಿದ್ದರೆ ತಾಪಮಾನ ಸೊನ್ನೆಗಿಂತ ಕೆಳಗಿಳಿಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದವಳು ನಾನು. ಹೆಚ್ಚು ತಂಪಾದಷ್ಟೂ ಒಳ್ಳೆಯದು ಎಂದುಕೊಂಡಿರಬೇಕು. ಮನೆಯ ರೂಢಿಯೂ ಧಾರವಾಡದ ಓದೂ ಒಂದೇ ಮುಷ್ಟಿಯಲ್ಲಿ ಸೇರಿದ್ದವು.

ಲ್ಯಾಬಿಗೆ ಹೋದೆ. ಮಾಳಿಗೆಯಲ್ಲಿ ಈಗ ಟೈಲರಿಂಗ್ ಕ್ಲಾಸು ನಡೆಯುತ್ತದೆ. ಕೆಳಗಿನ ಅಂಗಡಿಯವನು, ಬಾಯಿ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದ. ಮಾಜಾಳಿಯ ತಂಗಿಯ ಮನೆಯಲ್ಲಿ ಹೋದರಂತೆ. ನನಗೆ ಅಳು ಬರಲಿಲ್ಲ. ಬಂದಿದ್ದರೆ ಅದನ್ನೂ ನಾನು ಅನುಮಾನಿಸುತ್ತಿದ್ದೆ.

ಮರುದಿನ ಬೆಳಂಬಾರಕ್ಕೆ ಹೋಗಿ ಮಾವನ ಮುಂದೆ ಕೂತು ಎರಡು ಸಾಲು ಓದಿ ಹೇಳಿದೆ. ಅವನಿಗೀಗ ಅರವತ್ತೈದು ದಾಟಿದೆ. ಬಲೆಯ ದಾರ ಬಿಡಿಸುತ್ತ ಕೇಳಿದ.

"ನೀ ಹಾಕಿದ್ದಾ? ಇಲ್ಲ ಮಗಾ. ನಾನೇ ಹಾಕಿದ್ದು. ನಂಗೆ ಸಮಾ ನೆನಪದೆ, ಉಪ್ಪಿನ ಪೊಟ್ಲೆ ಹರೀಲಿಲ್ಲ, ಹಲ್ಲಲ್ಲಿ ಕಚ್ಚಿ ಹರದೆ."

"ಹಾಗಾದರೆ ಡೈರಿಯಲ್ಲಿ ಹೀಗೆ ಯಾಕಿದೆ?"

"ನೀ ಆಗ ಹೆದ್ರಿದ್ದೆ. ಎಂತದೋ ಬರ್ದಿದ್ದೀ. ಬಿಡು ಅದನ್ನ. ಚಾ ಕುಡೀತ್ಯಾ?"

ನನ್ನನ್ನು ಉಳಿಸಲು ಹೇಳುತ್ತಿದ್ದಾನೆಯೇ, ಅಥವಾ ಇಷ್ಟು ವರ್ಷ ಉಪ್ಪಿನ ಮಾವ ಎಂದು ಕರೆಸಿಕೊಂಡು ಕರೆಸಿಕೊಂಡು ಅವನಿಗೂ ಹಾಗೇ ನೆನಪಾಗಿಬಿಟ್ಟಿದೆಯೇ? ಅವನ ಮುಖದಲ್ಲಿ ನನಗೆ ಗೊತ್ತಾಗಲಿಲ್ಲ. ಬಾಯಿ ಹೇಳಿದ್ದನ್ನು, ಬೈದದ್ದು ಹೆಚ್ಚಾಯಿತು ಎಂಬುದನ್ನು, ಈಗಲಾದರೂ ಮುಟ್ಟಿಸಿದೆ. ಅವನ ಕೈ ಒಂದು ಕ್ಷಣ ನಿಂತಿತು. "ಹಾಗಂದ್ರಾ…" ಎಂದು ಮತ್ತೆ ದಾರಕ್ಕೆ ತಿರುಗಿದ.

ನಿನ್ನೆ ಡೈರಿಯಲ್ಲಿ ಇದನ್ನು ಹೇಗೆ ಬರೆಯುವುದೆಂದು ಬಹಳ ಹೊತ್ತು ಕೂತೆ. ಕೊನೆಗೆ ಬಾಯಿಯ ಚೀಟಿ ನೋಡಿ ಹಾಗೆಯೇ ಇಳಿಸಿದೆ: ಮಾದರಿ ಕೆಟ್ಟಿದೆ. ಅಂಕಿ ಕೊಡಲಾಗದು. ಸಮಯ ಹಾಕಿ ಸಹಿಯನ್ನೂ ಮಾಡಿದೆ. ಆದರೆ ಅವರು ಅದನ್ನು ಬರೆದದ್ದು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಡುವ ಮೊದಲು. ಅಂಕೋಲೆಯಲ್ಲಿ ಅಪ್ಪನ ಮೈ ಬೆಚ್ಚಗಿತ್ತು, ಇನ್ನೊಮ್ಮೆ ತೆಗೆಯಲು ಅದರಲ್ಲಿ ರಕ್ತವಿತ್ತು. ನಾನು ಬರೆದು ಪುಸ್ತಕ ಮುಚ್ಚಿದೆ. ಹೊಸ ಮಾದರಿ ತರಲು ನನಗೆ ಹೋಗುವ ಜಾಗ ಎಲ್ಲಿಯೂ ಇರಲಿಲ್ಲ.